ಮೋರಪಂಖಿ ಹಚ್ಚಿದ ಮನೆಗಳು

ಗೋಡೆಗೆ ಬಣ್ಣ ಹಚ್ಚುವವನು ನಗಲಿಕ್ಕೆ ಬೇರೆ ಕಡೆ ಹೋಗಬೇಕಾಗಿಲ್ಲ. ಡಬ್ಬಿ, ಬ್ರಶ್ಶು, ಏಣಿ ತಗೊಂಡು ಯಾರದಾದರೂ ಮನೆಯೊಳಗೆ ಹೋಗಿ ನಿಂತರೆ ಸಾಕು, ಏನಾದರೂ ಒಂದು ಆಗಿಯೇ ಆಗುತ್ತದೆ. ಏಣಿ ಹತ್ತಿದವನನ್ನು ಮನೆಯವರು ಬಹಳ ಬೇಗ ಮರೆತುಬಿಡುತ್ತಾರೆ. ಫ್ಯಾನು ಇದ್ದ ಹಾಗೆ, ಕ್ಯಾಲೆಂಡರ್ ಇದ್ದ ಹಾಗೆ ಇವನೂ ಒಬ್ಬ ಅಂತ ತಿಳಿದು ಜಗಳ, ಅಳು, ಹರಟೆ ಎಲ್ಲ ಅವನ ಮುಂದೆಯೇ ನಡೆಸುತ್ತಾರೆ.

ನಾನು ಬಸವಕಲ್ಯಾಣದವನು. ಕೆಲಸ ಸಿಕ್ಕರೆ ಹುಮನಾಬಾದಕ್ಕೂ ಹೋಗುತ್ತೇನೆ, ಸುತ್ತಲ ಹಳ್ಳಿಗೂ ಹೋಗುತ್ತೇನೆ. ಮೊದಲೆಲ್ಲ ಮಂದಿ ತಿಳಿಹಳದಿ ಅನ್ನುತ್ತಿದ್ದರು, ಗುಲಾಬಿ ಅನ್ನುತ್ತಿದ್ದರು, ಅಲ್ಲಿಗೆ ಮುಗಿಯುತ್ತಿತ್ತು. ಈಗ ಕೆಲವು ವರ್ಷಗಳಿಂದ ಎಲ್ಲರ ಮೊಬೈಲಿನಲ್ಲೂ ಒಂದೇ ಬಣ್ಣ. ನವಿಲಿನ ಕುತ್ತಿಗೆ ಮೇಲೆ ಹಸಿರು ಮುಗಿದು ನೀಲಿ ಸುರುವಾಗುವ ಜಾಗ ಇದೆಯಲ್ಲ, ಆ ಬಣ್ಣ. ನಾವು ಬಣ್ಣದವರು ಅದಕ್ಕೆ ಮೋರಪಂಖಿ ಅನ್ನುತ್ತೇವೆ. ಸೀರೆ ಅಂಗಡಿಯವರು ರಾಮಾ ಕಲರ್ ಅನ್ನುತ್ತಾರೆ. ಬಣ್ಣದ ಅಂಗಡಿಯ ಕಂಪ್ಯೂಟರ್ ಟೀಲ್ ಅನ್ನುತ್ತದೆ. ನಾನು ಮೊದಲ ಸಲ ಮನೆಯಲ್ಲಿ, ಇವತ್ತು ಟೀಲ್ ಹಚ್ಚಿ ಬಂದೆ ಅಂದಾಗ ನನ್ನ ಹೆಂಡತಿಗೆ ಅದು ಹಿಂದಿಯ ತಿಲ್ ಅಂತ ಕೇಳಿಸಿತು. ಸ್ವಲ್ಪ ಹೊತ್ತು ವಿಚಾರ ಮಾಡಿ, ಕರಿ ಎಳ್ಳೋ ಬಿಳಿ ಎಳ್ಳೋ ಅಂತ ಕೇಳಿದಳು. ಅವತ್ತಿನಿಂದ ಮನೆಯಲ್ಲಿ ಮೋರಪಂಖಿ ಅಂತಲೇ ಹೇಳುತ್ತೇನೆ.

ಕಣ್ಣಿನ ಆಪರೇಷನ್

ಬಸವಕಲ್ಯಾಣದಲ್ಲಿ ಒಬ್ಬ ಮಾಸ್ತರು ಹೊಸ ಮನೆ ಕಟ್ಟಿಸಿದ್ದರು. ಅವರ ಹೆಂಡತಿಯೂ ಶಾಲೆಯಲ್ಲಿ ಟೀಚರು. ಟೀಚರಮ್ಮ ಮೊಬೈಲಿನಲ್ಲಿ ಚಿತ್ರ ತೋರಿಸಿ, ಹಾಲಿನ ಒಂದು ಗೋಡೆಗೆ ಈ ಬಣ್ಣ ಆಗಬೇಕು ಅಂದರು. ಮಾಸ್ತರು ಹೆಗಲ ಮೇಲಿಂದ ಬಗ್ಗಿ ನೋಡಿ, ಹಾಲಿಗೆ ಹಸಿರು ಬೇಡ, ದವಾಖಾನೆಯ ಪರದೆ ಕಂಡ ಹಾಗೆ ಕಾಣುತ್ತದೆ ಅಂದರು. ಟೀಚರಮ್ಮ, ಇದರಲ್ಲಿ ಹಸಿರು ಎಲ್ಲಿದೆ, ಇದು ನೀಲಿ ಅಂದರು.

ನಾನು ಇಂಥದ್ದಕ್ಕೆಲ್ಲ ಒಂದು ಉಪಾಯ ಇಟ್ಟುಕೊಂಡಿದ್ದೇನೆ. ಗೋಡೆಯ ಮೇಲೆ ರೊಟ್ಟಿಯಷ್ಟು ಅಗಲ ಹಚ್ಚಿ ತೋರಿಸಿಬಿಡುವುದು. ಕಣ್ಣಿಗೆ ಬಿದ್ದ ಮೇಲೆ ವಾದ ಇರುವುದಿಲ್ಲ. ಆದರೆ ಈ ಬಣ್ಣದ ಗುಣ ನನಗೂ ಆಗ ಪೂರ್ತಿ ಗೊತ್ತಿರಲಿಲ್ಲ. ಮುಂಜಾನೆ ಕಿಟಕಿಯಿಂದ ಬಿಸಿಲು ಬಿದ್ದಾಗ ಮಾಸ್ತರು ನನ್ನನ್ನು ಕರೆದು, ನೀವೇ ನೋಡ್ರಿ, ಹಸಿರು ಹೌದೋ ಅಲ್ಲೋ ಅಂದರು. ಹೌದು, ಹಸಿರೇ ಇತ್ತು. ಸಂಜೆ ಟ್ಯೂಬ್‌ಲೈಟ್ ಹಾಕಿ ಟೀಚರಮ್ಮ ಕರೆದರು. ಹೌದು, ಆಗ ನೀಲಿ ಇತ್ತು. ನಾನು ಇಬ್ಬರಿಗೂ ಹೌದು ಅಂದೆ. ಅದೇ ತಪ್ಪಾಯಿತು. ಮರುದಿನ ಇಬ್ಬರೂ ಒಬ್ಬರಿಗೊಬ್ಬರು ಮಾತು ಬಿಟ್ಟರು, ನನ್ನನ್ನು ಸಾಕ್ಷಿಗೆ ಇಟ್ಟುಕೊಂಡರು.

ಅಡುಗೆಮನೆಯಿಂದ ಟೀಚರಮ್ಮ, ಚಹಾ ಆಗಿದೆ ಅಂತ ಅವರಿಗೆ ಹೇಳಿ ಅನ್ನುವುದು. ಅವರು ನನ್ನ ಏಣಿಯ ಕೆಳಗೇ ನಿಂತಿರುವುದು. ನಾನು ಬಗ್ಗಿ ಚಹಾ ಆಗಿದೆಯಂತೆ ಅನ್ನುವುದು. ಅವರು, ಸಕ್ಕರೆ ಕಮ್ಮಿ ಹಾಕಬೇಕಂತ ಹೇಳಿ ಅನ್ನುವುದು. ಹೀಗೆ ಬಣ್ಣ ಒಣಗುತ್ತಾ ಬಂತು, ಕೆಲಸ ಮುಂದೆ ಹೋಗಲಿಲ್ಲ.

ಆ ಮನೆಯಲ್ಲಿ ಮಾಸ್ತರ ತಾಯಿ ಇದ್ದರು. ಮೋತಿಬಿಂದು, ಅಂದರೆ ಕಣ್ಣಿನ ಪೊರೆ ತೆಗೆಸಿಕೊಂಡು ಹೊಸದಾಗಿ ದವಾಖಾನೆಯಿಂದ ಬಂದಿದ್ದರು. ಕಪ್ಪು ಕನ್ನಡಕ ಹಾಕಿಕೊಂಡು ಮೂಲೆಯಲ್ಲಿ ಕುಳಿತು ಎಲ್ಲ ಕೇಳಿಸಿಕೊಳ್ಳುತ್ತಿದ್ದರು. ಕೊನೆಗೆ ಮಗ, ಸೊಸೆ ಇಬ್ಬರೂ ನನ್ನ ಮೂಲಕವೇ ಒಪ್ಪಿಕೊಂಡು, ಹೊಸ ಕಣ್ಣು ಬಂದವರೇ ತೀರ್ಪು ಹೇಳಲಿ ಅಂತ ಅವರನ್ನು ಕೈಹಿಡಿದು ಗೋಡೆಯ ಮುಂದೆ ತಂದು ನಿಲ್ಲಿಸಿದರು. ಮುದುಕಿ ಕನ್ನಡಕ ತೆಗೆದು ಗೋಡೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಮಗನ ಮುಖ ನೋಡಿದರು, ಸೊಸೆಯ ಮುಖ ನೋಡಿದರು. ನನ್ನ ಕಡೆ ತಿರುಗಿ, ಇದನ್ನೇ ಹಚ್ಚಪ್ಪಾ, ಮುಂಜಾನೆ ಅವನ ಬಣ್ಣ, ಸಂಜೆ ಆಕೆಯ ಬಣ್ಣ ಅಂದರು. ಇಬ್ಬರೂ ನಕ್ಕರು, ಜಗಳ ಮುಗಿಯಿತು. ಮುದುಕಿ ಮತ್ತೆ ಕನ್ನಡಕ ಹಾಕಿಕೊಳ್ಳುತ್ತಾ ತಮ್ಮಷ್ಟಕ್ಕೆ ತಾವೇ ಅಂದರು:

"ಆಪರೇಷನ್ ಆಗೋಕಿಂತ ಮುಂಚೆ ನನಗ ಎಲ್ಲಾ ಒಂದ ಬಣ್ಣ ಕಾಣ್ತಿತ್ತು. ಮನಿ ಭಾಳ ಶಾಂತ ಇತ್ತು."

ಕಂಡರೆ ಅಳುತ್ತಾರೆ

ಮಾಣಿಕನಗರದಲ್ಲಿ ಕಾಯಿ, ಕರ್ಪೂರ, ಕುಂಕುಮದ ಅಂಗಡಿ ಇಟ್ಟುಕೊಂಡ ಒಂದು ಮನೆತನ. ಗಂಡುಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು ಅಂತ ತುಂಬಿದ ಮನೆ. ಹಾಲಿಗೆ ಯಾವ ಬಣ್ಣ ಅಂತ ಎಲ್ಲರೂ ಮಾತಾಡುತ್ತಿದ್ದರು, ಯಾರ ಮಾತೂ ಒಂದಕ್ಕೊಂದು ಕೂಡುತ್ತಿರಲಿಲ್ಲ. ಆಗ ಹಿರಿಯ ಸೊಸೆ ಅಡುಗೆಮನೆಯ ಬಾಗಿಲಿಗೆ ಹೋಗಿ, ಅತ್ತೆ, ನಿಮಗೆ ಯಾವ ಬಣ್ಣ ಪಸಂದು ಅಂತ ಕೇಳಿದಳು.

ಆ ತಾಯಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದರು. ಆ ಮನೆಯಲ್ಲಿ ಅಂಥ ಪ್ರಶ್ನೆ ಅವರಿಗೆ ಯಾರೂ ಕೇಳಿದ ಹಾಗಿರಲಿಲ್ಲ. ಹಿಟ್ಟಿನ ಕೈ ತೊಳೆದುಕೊಂಡು ಒಳಗೆ ಹೋದರು, ಟ್ರಂಕಿನ ತಳದಿಂದ ಒಂದು ಸೀರೆ ತಂದರು. ರಾಮಾ ಕಲರಿನ ರೇಷ್ಮೆ ಸೀರೆ. ಅವರ ಅಣ್ಣ ಉಡಿಸಿದ್ದು. ಒಳ್ಳೆಯ ದಿನ ಬರಲಿ ಅಂತ ಕಾದು ಕಾದು ಒಮ್ಮೆಯೂ ಉಟ್ಟಿರಲಿಲ್ಲ. ಇದು, ಅಂತ ಅಷ್ಟೇ ಹೇಳಿದರು.

ಸೆರಗು ಕೊಟ್ಟರೆ ಹುಮನಾಬಾದದ ಅಂಗಡಿಯಲ್ಲಿ ಹೊಂದಿಸಿಕೊಂಡು ಬರುತ್ತೇನೆ ಅಂದೆ. ಸೀರೆಯನ್ನು ಕೈಬಿಟ್ಟು ಕೊಡಲು ಅವರು ಒಪ್ಪಲಿಲ್ಲ. ತಾವೇ ಆಟೋ ಹತ್ತಿದರು, ಸೀರೆಯನ್ನು ಮಗುವಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ಬಂದರು. ಅಂಗಡಿಯಲ್ಲಿ ಮಶೀನು ಬಣ್ಣ ಕಲಸಿತು. ಅವರು ಸೆರಗು ಪಕ್ಕಕ್ಕೆ ಹಿಡಿದು ನೋಡಿ, ಜರಾ ತಿಳಿ ಆಯಿತು ಅಂದರು. ಮತ್ತೆ ಕಲಸಿದರು. ಜರಾ ಕಪ್ಪಾಯಿತು ಅಂದರು. ಅಂಗಡಿಯವನಿಗೆ ಬೇಸರ ಬಂತು, ಆ ತಾಯಿಗೆ ಬರಲಿಲ್ಲ. ಯಾರೋ ತಮ್ಮ ಮಾತು ಕೇಳಿ ಮತ್ತೆ ಮತ್ತೆ ಕಲಸುತ್ತಿದ್ದಾರೆ ಅನ್ನುವುದೇ ಅವರಿಗೆ ಹಬ್ಬ ಆಗಿತ್ತು. ಕೊನೆಗೆ ಬಟ್ಟೆ ಯಾವುದು, ಬಣ್ಣ ಯಾವುದು ಗೊತ್ತಾಗದ ಹಾಗೆ ಕೂಡಿತು.

ಗೋಡೆ ಚಂದ ಬಂತು. ಸತ್ಯನಾರಾಯಣ ಪೂಜೆ ಇಟ್ಟರು, ನನ್ನನ್ನೂ ಊಟಕ್ಕೆ ಕರೆದರು. ಆ ತಾಯಿ ಅವತ್ತು ಆ ಸೀರೆ ಉಟ್ಟರು. ಆರತಿ ತಟ್ಟೆ ಹಿಡಿದು ಗೋಡೆಯ ಮುಂದೆ ಬಂದು ನಿಂತರು. ಫೋಟೋ ತೆಗೆಯುವವನು ಕ್ಯಾಮೆರಾದಲ್ಲಿ ಕಣ್ಣಿಟ್ಟು, ಎಲ್ಲರೂ ಬಂದ್ರಿ, ಅವ್ವಾರನ್ನೊಬ್ಬರನ್ನ ಕರೀರಿ ಅಂದ. ಅವ್ವಾರು ನಟ್ಟನಡುವೆ ನಿಂತಿದ್ದರು.

ತೆಗೆದ ಫೋಟೋ ನೋಡಿದರೆ ಗಂಡುಮಕ್ಕಳು, ಸೊಸೆಯಂದಿರು ಎಲ್ಲ ಇದ್ದಾರೆ, ನಡುವೆ ಒಂದು ಮುಖ ಮತ್ತು ಎರಡು ಕೈ ಗಾಳಿಯಲ್ಲಿ ಆರತಿ ಹಿಡಿದುಕೊಂಡಿವೆ. ಮಕ್ಕಳು ಬಿದ್ದುಬಿದ್ದು ನಕ್ಕರು. ನನಗೆ ಮಾತ್ರ, ಬಣ್ಣ ಅಷ್ಟು ಹೊಂದಿಸಬಾರದಾಗಿತ್ತು ಅನ್ನಿಸಿತು. ಆ ತಾಯಿ ಕನ್ನಡಕ ಹಾಕಿಕೊಂಡು ಫೋಟೋ ನೋಡಿದರು. ಇಷ್ಟು ವರ್ಷ ಅಡುಗೆಮನೆಯಲ್ಲಿದ್ದೆ, ಯಾರಿಗೂ ಕಾಣಲಿಲ್ಲ, ಈಗ ಹಾಲಿಗೆ ಬಂದರೂ ಕಾಣುವುದಿಲ್ಲ ಅಂದರು. ನಗುತ್ತಲೇ ಅಂದರು, ಆದರೆ ಉಳಿದವರ ನಗು ನಿಂತುಹೋಯಿತು.

ಕಿರಿಯ ಮಗ ಎದ್ದು ತಾಯಿಯ ಕೈಹಿಡಿದು ಹೊರಗೆ ಕರೆದುಕೊಂಡು ಹೋದ. ಪಕ್ಕದ ಮನೆಯ ಬಿಳಿ ಗೋಡೆಯ ಮುಂದೆ ನಿಲ್ಲಿಸಿ ಒಬ್ಬರದೇ ಫೋಟೋ ತೆಗೆಸಿದ. ಬಹಳ ಚಂದ ಬಂತು. ಅದನ್ನು ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ಅದೇ ಮೋರಪಂಖಿ ಗೋಡೆಗೆ ನನ್ನ ಕೈಯಿಂದಲೇ ಮೊಳೆ ಹೊಡೆಸಿದ.

ಕೆಲವು ದಿನಗಳ ಮೇಲೆ ಅವರ ಮನೆಯ ಗೇಟಿಗೆ ಬಣ್ಣ ಹಚ್ಚಲು ಹೋಗಿದ್ದೆ. ಊರಿಂದ ಒಬ್ಬ ದೂರದ ನೆಂಟಳು ಬಂದಳು. ಹಾಲಿನಲ್ಲಿ ಕಾಲಿಟ್ಟವಳೇ ಗೋಡೆಯ ಮೇಲೆ ಕಟ್ಟು ಹಾಕಿದ ಫೋಟೋ ನೋಡಿ, ಹೋದ ಸುದ್ದಿ ನನಗೆ ಒಂದು ಮಾತು ತಿಳಿಸಲಿಲ್ಲವಲ್ಲ ಅಂತ ಸೆರಗು ಬಾಯಿಗಿಟ್ಟುಕೊಂಡು ಅಳಲು ಕುಳಿತಳು. ಒಳಗಿಂದ ಆ ತಾಯಿ ಚಹಾ ತಗೊಂಡು ಬಂದು ಅವಳ ಮುಂದೆ ಇಟ್ಟರು. ಅವಳು ಸಮಾಧಾನ ಆಗುವ ತನಕ ಬೆನ್ನು ಸವರಿ, ನನ್ನ ಕಡೆ ನೋಡಿ ಅಂದರು:

"ಮೊದಲ ಕಾಣ್ತಿರ್ಲಿಲ್ಲ. ಈಗ ಕಂಡ್ರ ಅಳಾಕತ್ತಾರ."

ಯಾರ ಬಣ್ಣವೂ ಅಲ್ಲ

ಇದು ಸಣ್ಣದು. ಹುಮನಾಬಾದದಲ್ಲಿ ಕೆಳಗೆ ಚಹಾದ ಹೋಟೆಲು, ಮೇಲೆ ಮನೆ ಇಟ್ಟುಕೊಂಡ ಒಬ್ಬ ಪುಣ್ಯಾತ್ಮ ಇದ್ದಾನೆ. ಬಹಳ ಹೆದರಿಕೆಯ ಮನುಷ್ಯ. ಮನೆಯ ಮುಂಭಾಗಕ್ಕೆ ಬಣ್ಣ ಹಚ್ಚಬೇಕಿತ್ತು, ಆದರೆ ಯಾವ ಬಣ್ಣದ ಹೆಸರು ಹೇಳಿದರೂ ಗಾಬರಿಯಾಗುತ್ತಿದ್ದ. ಕೇಸರಿ ಅಂದರೆ ಆ ಕಡೆಯವರು ಚಹಾ ಕುಡಿಯಲು ಬರುವುದಿಲ್ಲ. ಹಸಿರು ಅಂದರೆ ಈ ಕಡೆಯವರು ಬರುವುದಿಲ್ಲ. ನೀಲಿ ಅಂದರೆ, ನೀನು ಯಾವಾಗಿನಿಂದ ನೀಲಿ ಬಾವುಟದವನಾದೆ ಅಂತ ಕೇಳುತ್ತಾರೆ. ಬಿಳಿ ಹಚ್ಚಿದರೆ ಒಲೆಯ ಹೊಗೆಗೆ ಉಳಿಯುವುದಿಲ್ಲ. ಇಲೆಕ್ಷನ್ ಬೇರೆ ಹತ್ತಿರ ಇತ್ತು. ಯಾರಿಗೂ ತಮ್ಮದು ಅನ್ನಿಸಬಾರದು, ಅಂಥ ಬಣ್ಣ ಇದ್ದರೆ ನೋಡು ಅಂತ ಕೈಹಿಡಿದು ಕೇಳಿಕೊಂಡ. ನಾನು ಮೋರಪಂಖಿ ತೋರಿಸಿದೆ. ತಿರುಗಿಸಿ ತಿರುಗಿಸಿ ನೋಡಿ, ಇದು ಯಾರದೂ ಅಲ್ಲವಲ್ಲ ಅಂತ ಖಾತ್ರಿ ಮಾಡಿಕೊಂಡು ಒಪ್ಪಿದ.

ಬಣ್ಣ ಒಣಗುವುದರೊಳಗೆ ಒಂದು ಗುಂಪು ಬಂದು, ಕಡೆಗೂ ನಮ್ಮ ಕಡೆ ಬಂದಿರಿ, ಬಣ್ಣದಲ್ಲೇ ಗೊತ್ತಾಗುತ್ತದೆ ಅಂತ ಬೆನ್ನು ತಟ್ಟಿತು. ಅವರು ಚಹಾ ಕುಡಿದು ಏಳುವುದರೊಳಗೆ ಇನ್ನೊಂದು ಗುಂಪು ಬಂದು ಅದೇ ಮಾತು ಹೇಳಿತು. ಮೂರನೆಯವರೂ ಬಂದರು. ಎಲ್ಲರಿಗೂ ಅವನು ತಲೆ ಆಡಿಸಿದ. ಕೆಲಸ ಮುಗಿಸಿ ಹೊರಟಾಗ ನೋಡಿದರೆ ಅವನ ಮುಖ ಮೊದಲಿಗಿಂತ ಸಣ್ಣದಾಗಿತ್ತು. ಈಗ ಏನು ಹೆದರಿಕೆ, ಎಲ್ಲರೂ ನಮ್ಮವನೇ ಅನ್ನುತ್ತಿದ್ದಾರಲ್ಲ ಅಂತ ಕೇಳಿದೆ.

"ಅದ ಹೆದರಿಕಿ," ಅಂದ. "ಎಲ್ಲಾರೂ ಒಮ್ಮೆ ಬಂದ್ರ ಕುರ್ಚಿ ಎಲ್ಲಿಂದ ತರ್ಲಿ?"

ಕುರಿಗೆ ಗುರುತು

ಮುಡಬಿ ಕಡೆ ಕುರಿ ಕಾಯುವ ಒಂದು ಕುಟುಂಬ ಹೊಸದಾಗಿ ಮನೆ ಕಟ್ಟಿತ್ತು. ಸಣ್ಣ ಮನೆ, ಆದರೆ ಸೊಸೆಗೆ ಬಹಳ ಆಸೆ. ತವರಲ್ಲಿ ಯಾರದೋ ಮನೆಯಲ್ಲಿ ಮೋರಪಂಖಿ ನೋಡಿ ಬಂದಿದ್ದಳು, ಮುಂದಿನ ಗೋಡೆಗೆ ಅದೇ ಆಗಬೇಕು ಅಂದಳು. ಮನೆಯ ಯಜಮಾನ ಅವಳ ಮಾವ. ಊರೆಲ್ಲ ಅವನನ್ನು ಮುತ್ಯಾ ಅನ್ನುತ್ತಿತ್ತು. ಮುತ್ಯಾನಿಗೆ ಈ ಬಣ್ಣದ ವ್ಯವಹಾರವೇ ಹಿಡಿಸಲಿಲ್ಲ. ನನ್ನ ಏಣಿಯ ಪಕ್ಕದಲ್ಲಿ ಕೋಲೂರಿ ನಿಂತು ಕೇಳಿದ:

"ಕುರಿಗೆ ಬಣ್ಣ ಹಚ್ಚೋದು ಗುರ್ತಿಗೆ. ಮನಿಗ್ಯಾಕ? ಮನಿ ಏನ್ ಮೇಯ್ಲಾಕ ಹೋಗಿ ತಪ್ಪಿಸ್ಕೋತದೇನು?"

ನಾನು ಬ್ರಶ್ಶು ಅದ್ದಿ ಹಚ್ಚುತ್ತಲೇ ಇದ್ದೆ. ಆದರೆ ಗೋಡೆ ಒಣಗಿ ಬಿಸಿಲಿಗೆ ಹೊಳೆಯಲು ಸುರು ಮಾಡಿದಾಗ ಮುತ್ಯಾ ಸುಮ್ಮನಾದ. ದಾರಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರೆ ಅವನೂ ಹೋಗಿ ಅವರ ಜೊತೆ ನಿಂತು, ತನ್ನ ಮನೆ ಅಲ್ಲ ಅನ್ನುವ ಹಾಗೆ ನೋಡುತ್ತಿದ್ದ. ಕೆಲಸ ಮುಗಿದ ಮೇಲೆ ಡಬ್ಬಿಯ ತಳದಲ್ಲಿ ಸ್ವಲ್ಪ ಉಳಿದಿತ್ತು. ಅದನ್ನು ನನಗೆ ಬಿಡು ಅಂತ ಇಸಿದುಕೊಂಡ.

ಆ ಬಣ್ಣವನ್ನು ಅವನು ಕುರಿಗಳ ಬೆನ್ನಿಗೆ ಹಚ್ಚಿದ. ಇಡೀ ಸೀಮೆಯಲ್ಲಿ ಯಾರ ಕುರಿಗೂ ಇಲ್ಲದ ಗುರುತು. ದೂರದಿಂದಲೇ, ಅವು ಮುತ್ಯಾನ ಕುರಿ ಅಂತ ಗೊತ್ತಾಗಬೇಕು ಅನ್ನುವ ಹೆಮ್ಮೆ. ಆದರೆ ಅವನಿಗೆ ಚಡ್ಡಿ ಹಾಕುವ ಕಾಲದಿಂದ ಒಬ್ಬ ಗೆಳೆಯ ಇದ್ದ, ಪಕ್ಕದ ಓಣಿಯವನು, ಅವನೂ ಕುರಿ ಕಾಯುವವನೇ. ಅವನು ಬಂದು ಬಣ್ಣ ಹೊಗಳಿದ. ಮುತ್ಯಾನ ಮನಸ್ಸು ಕರಗಿತು. ಉಳಿದ ಬಣ್ಣದಲ್ಲಿ ಗೆಳೆಯನ ಕುರಿಗೂ ತಾನೇ ಕೈಯಾರೆ ಹಚ್ಚಿಕೊಟ್ಟ. ಅದೇ ಬೆನ್ನು, ಅದೇ ಗೆರೆ. ಇದು ಮುಂದೆ ಏನಾಗುತ್ತದೆ ಅಂತ ಇಬ್ಬರಿಗೂ ಹೊಳೆಯಲಿಲ್ಲ. ಕುರಿಗಳು ಬೇರೆ ಬೇರೆ ಕಡೆ ಮೇಯುತ್ತಿದ್ದವು, ಹೊಳೆಯುವ ಪ್ರಸಂಗವೂ ಬರಲಿಲ್ಲ.

ತೊಗರಿ ಕಿತ್ತ ಒಂದು ಹೊಲದಲ್ಲಿ ಎರಡೂ ಹಿಂಡು ಒಂದೇ ದಿನ ಬಂದು ಸೇರಿದಾಗ ಹೊಳೆಯಿತು. ಎಲ್ಲಿ ನೋಡಿದರೂ ಮೋರಪಂಖಿ. ಇದು ನನ್ನದು ಅಂತ ಇವನು ಒಂದರ ಕೊಂಬು ಹಿಡಿದರೆ, ಅದು ನನ್ನದು ಅಂತ ಅವನು ಕಾಲು ಹಿಡಿದ. ಕುರಿ ಕಾಯುವವರಿಗೆ ತಮ್ಮ ಕುರಿ ಗೊತ್ತಿರುತ್ತವೆ ಅನ್ನುತ್ತಾರೆ. ಗೊತ್ತಿರುತ್ತವೆ, ಆದರೆ ಸಿಟ್ಟು ಬಂದಾಗ ಗೊತ್ತಿದ್ದವೂ ಗೊತ್ತಾಗುವುದಿಲ್ಲ. ಮಾತಿಗೆ ಮಾತು ಬೆಳೆದು, ಒಂದೇ ಚಂಚಿಯ ತಂಬಾಕು ತಿನ್ನುವ ಗೆಳೆಯರು ಒಬ್ಬರಿಗೊಬ್ಬರು ಬೆನ್ನು ಮಾಡಿ ಕುಳಿತರು. ಆಮೇಲೆ ನನಗೆ ಫೋನು. ಬಣ್ಣ ತಂದವನು ನೀನು, ನೀನೇ ಬಂದು ಹೇಳು.

ನಾನು ಅವತ್ತು ಅಲ್ಲೇ ಹತ್ತಿರದ ಹಳ್ಳಿಯಲ್ಲಿ ಕೆಲಸದ ಮೇಲಿದ್ದೆ. ಹೋಗದಿದ್ದರೆ ಇವರ ಗೆಳೆತನ ನನ್ನ ಡಬ್ಬಿಯಿಂದ ಮುರಿದುಹೋಗುತ್ತದೆ ಅನ್ನಿಸಿ ಆಟೋ ಹಿಡಿದು ಹೋದೆ. ಹೋಗಿ ಕುರಿಗಳ ನಡುವೆ ನಿಂತೆ. ಬಣ್ಣ ನನ್ನದೇ, ಅದರಲ್ಲಿ ಸಂಶಯ ಇರಲಿಲ್ಲ. ಮಿಕ್ಕಿದ್ದು ನನಗೇನು ಗೊತ್ತು. ನಾನು ಜೀವಮಾನವೆಲ್ಲ ಗೋಡೆಗೆ ಹಚ್ಚಿದವನು, ಗೋಡೆ ಒಂದು ಕಡೆ ನಿಂತಿರುತ್ತದೆ. ಆದರೂ ಇಬ್ಬರೂ ನನ್ನ ಮುಖ ನೋಡುತ್ತಿದ್ದರು ಅಂತ ಒಂದೆರಡು ಕುರಿಯ ಬೆನ್ನು ಮುಟ್ಟಿ ನೋಡಿ, ಚೆನ್ನಾಗಿ ಹಿಡಿದಿದೆ ಅಂದೆ. ಇಬ್ಬರಿಗೂ ಅದರಿಂದ ಉಪಯೋಗ ಆಗಲಿಲ್ಲ.

ಅಷ್ಟರಲ್ಲಿ ಹೊತ್ತು ಇಳಿಯಿತು. ಮನೆಯಲ್ಲಿ ಮರಿಗಳನ್ನು ಕೂಡಿಹಾಕಿ ಬಂದಿದ್ದರು. ಹಾಲು ಕುಡಿಸುವ ಹೊತ್ತು ಆಯಿತು ಅಂತ ತಾಯಿಕುರಿಗಳು ಒಂದೊಂದೇ ತಲೆ ಎತ್ತಿದವು, ಊರ ಕಡೆ ಮುಖ ಮಾಡಿ ಓಡಲು ಸುರು ಮಾಡಿದವು. ಉಳಿದವೂ ಹಿಂದೆ ಓಡಿದವು. ದಾರಿ ಎರಡಾಗುವ ಜಾಗದಲ್ಲಿ ಒಂದಿಷ್ಟು ಈ ಓಣಿಗೆ, ಒಂದಿಷ್ಟು ಆ ಓಣಿಗೆ ತಿರುಗಿ ತಮ್ಮ ತಮ್ಮ ಹಟ್ಟಿ ಸೇರಿಕೊಂಡವು. ಹೊಲದಲ್ಲಿ ಇಬ್ಬರು ಮುದುಕರು, ನಾನು, ಅಷ್ಟೇ ಉಳಿದೆವು. ಕೊನೆಗೆ ಮುತ್ಯಾ ತಂಬಾಕಿನ ಚಂಚಿ ತೆಗೆದು ಗೆಳೆಯನ ಮುಂದೆ ಹಿಡಿದ, ನನಗೆ ಹೇಳಿದ:

"ಮುಂದಿನ ಸಲ ಕುರಿಗೆ ಬ್ಯಾಡಪ್ಪಾ. ನಮ್ಮಿಬ್ಬರ ಹಣಿಗೆ ಹಚ್ಚು. ಮನಿ ಯಾವ್ದಂತ ಅವಕ್ಕ ಗೊತ್ತದ."

ಬೀಗರು ಏಳಲಿಲ್ಲ

ಕೊನೆಯದು ನನ್ನ ಮನೆಯಲ್ಲೇ ಆದದ್ದು.

ನನ್ನ ಮಗಳಿಗೆ ಹುಮನಾಬಾದದಿಂದ ಒಂದು ಸಂಬಂಧ ಬಂತು. ಹುಡುಗ ಮೋಟಾರ್ ರಿಪೇರಿ ಅಂಗಡಿ ಇಟ್ಟುಕೊಂಡವನು, ಒಳ್ಳೆಯವನು ಅಂತ ಕೇಳಿದ್ದೆವು. ಹುಡುಗನ ತಂದೆ ಬಸ್ಸಿನ ಡ್ರೈವರ್ ಆಗಿ ನಿವೃತ್ತಿ ಆದವರು, ಬಹಳ ಗಂಭೀರ ಮನುಷ್ಯ, ಮಾತು ಕಡಿಮೆ ಅಂತಲೂ ಕೇಳಿದ್ದೆವು. ಅದಕ್ಕಿಂತ ಮುಂಚೆ ಒಂದು ಸಂಬಂಧ ಮನೆತನಕ ಬಂದು ತಪ್ಪಿಹೋಗಿತ್ತು. ಮಗಳು ಆಗ ಏನೂ ಅಂದಿರಲಿಲ್ಲ, ಆದರೆ ಕೆಲವು ದಿನ ಹೊಲಿಗೆ ಮಶೀನಿನ ಮುಂದೆ ಹಾಡು ಗುನುಗುವುದನ್ನು ಬಿಟ್ಟಿದ್ದಳು. ಹಾಗಾಗಿ ನನಗೂ ನನ್ನ ಹೆಂಡತಿಗೂ ಈ ಸಲವಾದರೂ ತಪ್ಪಬಾರದು ಅಂತ ಇತ್ತು.

ಬೀಗರು ರವಿವಾರ ಬರುತ್ತೇವೆ ಅಂದಿದ್ದರು. ಮನೆ ಚಂದ ಕಾಣಲಿ ಅಂತ ಪಡಸಾಲೆಯ ಕಂಬಗಳಿಗೆ ಬಣ್ಣ ಹಚ್ಚಿದೆ. ಯಾವುದು ಹಚ್ಚಲಿ ಅಂತ ಮಗಳನ್ನು ಕೇಳಿದ್ದಕ್ಕೆ ಮೋರಪಂಖಿ ಅಂದಿದ್ದಳು. ಕಂಬಕ್ಕೆ ಎಣ್ಣೆಬಣ್ಣ ಬೇಕು, ಅದು ಒಣಗಲು ಹೊತ್ತು ಹಿಡಿಯುತ್ತದೆ. ಶನಿವಾರ ಬೆಳಿಗ್ಗೆ ಎರಡನೆಯ ಕೈ ಹಚ್ಚಿ ಮುಗಿಸಿ, ನಾಳೆಯೊಳಗೆ ಗಟ್ಟಿಯಾಗುತ್ತದೆ ಅಂದುಕೊಂಡು ಬಜಾರಕ್ಕೆ ಹೋದೆ.

ಬೀಗರು ಶನಿವಾರವೇ ಬಂದರು. ಊರಲ್ಲಿ ಯಾರದೋ ಕಾರ್ಯಕ್ಕೆ ಬಂದವರು, ಇಷ್ಟು ದೂರ ಬಂದಿದ್ದೇವೆ, ಇವತ್ತೇ ನೋಡಿಕೊಂಡು ಹೋಗೋಣ ಅಂತ ಬಂದುಬಿಟ್ಟರು. ನನ್ನ ಹೆಂಡತಿ ಗಾಬರಿಯಲ್ಲಿ ಜಮಖಾನೆ ಹಾಸಿ, ಬರ್ರಿ, ಕುಂದರ್ರಿ ಅಂತ ಕೂಡಿಸಿದಳು. ನಾನು ಚೀಲ ಹಿಡಿದು ಮನೆಗೆ ಬಂದಾಗ ಹುಡುಗ, ಅವನ ತಾಯಿ, ಅವನ ತಂದೆ ಮೂವರೂ ಪಡಸಾಲೆಯಲ್ಲಿ ಇದ್ದರು. ಹುಡುಗನ ತಂದೆ ಬಿಳಿ ಅಂಗಿ ತೊಟ್ಟು, ಬಿಳಿ ಧೋತರ ಉಟ್ಟುಕೊಂಡು, ಕಂಬಕ್ಕೆ ಬೆನ್ನು ಕೊಟ್ಟು ಆರಾಮಾಗಿ ಕುಳಿತಿದ್ದರು.

ಆ ಕಂಬದ ಬಣ್ಣ ಇನ್ನೂ ಹಸಿಯೇ ಇತ್ತು. ಹೇಳಿದರೆ ಮೊದಲ ಭೇಟಿಯಲ್ಲೇ ಅವರಿಗೆ ಅವಮಾನ. ಹೇಳದಿದ್ದರೆ ಎದ್ದಾಗ ಬೆನ್ನು ಎಲ್ಲರಿಗೂ ಕಾಣುತ್ತದೆ. ಬಣ್ಣದವನ ಮನೆಗೆ ಹೋಗಿ ಅಂಗಿ ಕಳೆದುಕೊಂಡು ಬಂದೆವು ಅಂತ ಊರೆಲ್ಲ ಹೇಳುತ್ತಾರೆ, ಈ ಸಂಬಂಧವೂ ಹೋಯಿತು ಅನ್ನಿಸಿತು. ಏನಾದರೂ ಹೊಳೆಯುವ ತನಕ ಅವರನ್ನು ಏಳಲು ಬಿಡಬಾರದು ಅಂತ ಎದುರಿಗೆ ಕುಳಿತು ಮಾತು ಸುರು ಮಾಡಿದೆ.

ಮಳೆಯ ಬಗ್ಗೆ ಕೇಳಿದೆ. ನಿಧಾನವಾಗಿ, ವಿವರವಾಗಿ ಹೇಳಿದರು. ರಸ್ತೆಯ ಬಗ್ಗೆ ಕೇಳಿದೆ. ಅದನ್ನೂ ಹೇಳಿದರು. ಮಾತು ಕಡಿಮೆ ಅಂತ ಹೇಳಿದವರು ಯಾರು ಅಂತ ನನಗೆ ಆಶ್ಚರ್ಯ. ಹುಡುಗನ ತಾಯಿ ಹೊರಡೋಣ ಅಂತ ಕಣ್ಣಲ್ಲಿ ಸನ್ನೆ ಮಾಡಿದರು. ಅವರು, ತಡಿ, ಮಾತಾಡಾಕತ್ತೇವಲ್ಲ ಅಂದರು. ಇನ್ನೊಂದು ಕಪ್ ಚಹಾ ತರಲೇನು ಅಂದೆ, ಹೂಂ ಅಂದರು. ಭಜಿ ಅಂದೆ, ಅದಕ್ಕೂ ಹೂಂ ಅಂದರು. ಹುಡುಗ ತಂದೆಯನ್ನು ಬೇರೆ ಯಾರನ್ನೋ ನೋಡಿದ ಹಾಗೆ ನೋಡುತ್ತಿದ್ದ. ನನ್ನ ಹೆಂಡತಿ ಒಳಗೆ ಕರೆದು, ಅವರಿಗೆ ನಮ್ಮ ಮನೆ ಬಹಳ ಹಿಡಿಸಿದೆ, ಏಳಲು ಮನಸ್ಸೇ ಬರುತ್ತಿಲ್ಲ ನೋಡ್ರಿ ಅಂತ ಖುಷಿಯಿಂದ ಪಿಸುಗುಟ್ಟಿದಳು. ಪೂರ್ತಿ ಕೇಳದೆ ನಾನು ಓಡಿಬಂದು ಮತ್ತೆ ಕುಳಿತೆ. ಮಳೆ ಮುಗಿಯಿತು, ರಸ್ತೆ ಮುಗಿಯಿತು. ಕೊನೆಗೆ ಬಸ್ಸಿನ ಟೈರು ಎಷ್ಟು ಥರ ಅಂತ ಕೇಳಿದೆ. ಅವರು ಒಂದೊಂದನ್ನೇ ಬಿಡಿಸಿ ಹೇಳತೊಡಗಿದರು.

ಅಷ್ಟರಲ್ಲಿ ಮಗಳು ಭಜಿಯ ತಟ್ಟೆ ಹಿಡಿದು ಬಂದಳು. ಹುಡುಗಿ ತಲೆ ತಗ್ಗಿಸಿ ಬರಬೇಕು, ಕೊಟ್ಟು ಹೋಗಬೇಕು. ಆದರೆ ಅವಳು ಬಣ್ಣದವನ ಮಗಳು. ಕಂಬ ನೋಡಿದಳು, ಅವರ ಹೆಗಲು ನೋಡಿದಳು, ನನ್ನ ಮುಖ ನೋಡಿದಳು. ತಟ್ಟೆ ಕೆಳಗಿಟ್ಟು, ಏನೂ ಆಗಿಲ್ಲ ಅನ್ನುವ ಹಾಗೆ ಹೇಳಿದಳು:

"ಮಾವಾರೆ, ಹಂಗ ಕುಂತಿರ್ರಿ. ಅಲುಗಾಡಬ್ಯಾಡ್ರಿ. ಥಿನ್ನರ್ ತರ್ತೀನಿ."

ಸಂಬಂಧ ಇನ್ನೂ ಗಟ್ಟಿಯಾಗಿರಲಿಲ್ಲ, ಮಾವ ಅನ್ನುವ ಮಾತು ಬಾಯಿಂದ ಬಂದುಬಿಟ್ಟಿತ್ತು. ನನ್ನ ಹೆಂಡತಿ ಬಾಗಿಲಲ್ಲಿ ಹಣೆ ಹಿಡಿದುಕೊಂಡಳು. ಹುಡುಗನ ತಂದೆ ಮಾತ್ರ ದೊಡ್ಡ ಉಸಿರು ಬಿಟ್ಟು, "ತಾ ಅವ್ವಾ," ಅಂದರು. "ಮೊದಲನೇ ಚಹಾದಿಂದ ಅಂಟಿಕೊಂಡು ಕುಂತೇನಿ."

ಹೇಳಬಾರದೇನ್ರಿ ಅಂದೆ ನಾನು. ಹೇಗೆ ಹೇಳಲಿ, ಹೊಸ ಬಣ್ಣ ಕೆಡಿಸಿದೆನಲ್ಲ ಅಂತ ನನಗೇ ನಾಚಿಕೆ ಅಂದರು. ನೀವು ಒಂದು ಸಲ ಒಳಗೆ ಹೋದರೆ ಮೆಲ್ಲಗೆ ಬಿಡಿಸಿಕೊಂಡು ಜಾಗ ಬದಲಿಸಬೇಕು ಅಂತ ಕಾಯುತ್ತಿದ್ದೆ, ಹೋದಿರಿ, ನಾನು ಜರಾ ಅಲುಗಾಡುವುದರೊಳಗೆ ಬಂದೇಬಿಟ್ಟಿರಿ ಅಂದರು. ನಾನು ಅವರನ್ನು ಏಳಲು ಬಿಡಬಾರದು ಅಂತ ಕುಳಿತಿದ್ದೆ, ಅವರು ನಾನು ಏಳಲಿ ಅಂತ ಕುಳಿತಿದ್ದರು. ಇಬ್ಬರ ನಡುವೆ ಬಸ್ಸಿನ ಟೈರುಗಳೆಲ್ಲ ಮುಗಿದಿದ್ದವು.

ಮಗಳು ಬಣ್ಣ ಕರಗಿಸುವ ಥಿನ್ನರ್ ತಂದಳು. ಹುಡುಗ ಎದ್ದುಬಂದು ತಂದೆಯ ಕಾಲರು ಹಿಡಿದ. ಅವಳು ಬಟ್ಟೆ ಅದ್ದಿ ಒರೆಸುತ್ತಾ ಬಂದಳು, ಅವನು ಮೆಲ್ಲಗೆ ಬಿಡಿಸುತ್ತಾ ಬಂದ. ಜರಾ ಮೇಲೆ ಅಂತ ಅವಳು, ಈಗ ಕೆಳಗೆ ಅಂತ ಅವನು. ಅಂಗಿ ಚರ್ರಂತ ಬಿಟ್ಟಾಗ ಮೊದಲು ನಕ್ಕವಳು ನನ್ನ ಮಗಳು. ಆಮೇಲೆ ಅವನು. ಆಮೇಲೆ ಯಾರೂ ತಡೆದುಕೊಳ್ಳಲಿಲ್ಲ. ಕಂಬದ ಮೇಲೆ ಅಂಗಿಯ ನೇಯ್ಗೆ ಎಳೆ ಎಳೆಯಾಗಿ ಮೂಡಿತ್ತು. ಅಂಗಿಯ ಬೆನ್ನಿಗೆ ಉದ್ದಕ್ಕೂ ಮೋರಪಂಖಿ ಪಟ್ಟೆ.

ನನ್ನದೊಂದು ಅಂಗಿ ಕೊಟ್ಟೆ, ಹಾಕಿಕೊಂಡರು. ಬಾಗಿಲ ತನಕ ಕಳಿಸಲು ಹೋದೆವು. ಕನ್ಯೆ ನೋಡಲು ಬಂದವರು ಹೊರಡುವಾಗ, ವಿಚಾರ ಮಾಡಿ ಫೋನ್ ಮಾಡುತ್ತೇವೆ ಅಂತ ಹೇಳುವುದು ರೂಢಿ. ಆ ಮಾತಿಗಾಗಿ ನಾವು ಗಂಡಹೆಂಡಿರು ಕೈಕಟ್ಟಿ ನಿಂತಿದ್ದೆವು. ಹುಡುಗನ ತಂದೆ ಒಮ್ಮೆ ಕಂಬವನ್ನು ನೋಡಿದರು, ಒಮ್ಮೆ ತಮ್ಮ ಧೋತರವನ್ನು ನೋಡಿಕೊಂಡರು.

"ಸಂಬಂಧ ಆತಂತ ತಿಳೀರಿ," ಅಂದರು. "ವಿಚಾರ ಮಾಡಾಕಂತ ಇನ್ನೊಮ್ಮೆ ಬಂದ್ರ, ಧೋತರಾನೂ ಬಿಟ್ಟು ಹೋಗಬೇಕಾಗ್ತದ."